ಲೂಟಿಯಲ್ ಫೇಸ್ ಚಿಕ್ಕದಿದ್ದು ಮಗುವಿಗೆ ಪ್ರಯತ್ನಿಸುವವರಿಗೆ: ಮೊದಲು ದಿನ ಎಣಿಸಿ, ಮಾತ್ರೆ ಆಮೇಲೆ

‘ತಿಂಗಳು ತಿಂಗಳೂ ಮುಟ್ಟು ಸರಿಯಾಗಿ ಬರುತ್ತದೆ, ಆದರೂ ಬಸಿರು ನಿಲ್ಲುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರುವವರೆಗೆ ನಿಮಗೆ ಎಷ್ಟು ದಿನ ಸಿಗುತ್ತಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. 28 ದಿನಕ್ಕೆ ಬರುತ್ತದೋ 30ಕ್ಕೋ ಎಂಬುದು ಗೊತ್ತು. ಒಳಗಿನ ಲೆಕ್ಕವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಆ ಎರಡನೇ ಭಾಗಕ್ಕೇ ಲೂಟಿಯಲ್ ಫೇಸ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು 12ರಿಂದ 14 ದಿನ ಇರುತ್ತದೆ. 10 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಿಕ್ಕದು. ಅಂಡ ಹೊರಬಿದ್ದ ಜಾಗದಲ್ಲಿ ಉಳಿದ ಕೋಶ ಪ್ರೊಜೆಸ್ಟರಾನ್ ಹಾರ್ಮೋನು ಮಾಡುತ್ತದೆ. ಗರ್ಭಕೋಶದ ಒಳಪದರವನ್ನು ಹಿಡಿದಿಡುವುದು ಆ ಹಾರ್ಮೋನೇ. ಫಲಿತ ಅಂಡ ಹೆಚ್ಚಾಗಿ, ಅಂಡ ಬಿಡುಗಡೆಯಾದ ಮೇಲಿನ 8ರಿಂದ 10ನೇ ದಿನದ ಹೊತ್ತಿಗೆ ಅಲ್ಲಿಗೆ ಅಂಟಿಕೊಳ್ಳುತ್ತದೆ. ಅಷ್ಟರಲ್ಲೇ ಮುಟ್ಟು ಬಂದುಬಿಟ್ಟರೆ ಅದಕ್ಕೆ ಸಮಯವೇ ಸಿಗುವುದಿಲ್ಲ.

ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ಮಕ್ಕಳಾದ, ಆರೋಗ್ಯವಾಗಿರುವ ಹೆಂಗಸರಿಗೂ ಆಗೊಮ್ಮೆ ಈಗೊಮ್ಮೆ ಚಿಕ್ಕ ತಿಂಗಳು ಬರುತ್ತದೆ. ಇದೊಂದರಿಂದಲೇ ಬಂಜೆತನ ಬರುತ್ತದೆ ಎಂದು ಸಾಬೀತಾಗಿಲ್ಲ. ಹಾಗಾದರೆ ಎಣಿಸುವುದು ಯಾಕೆ? ಮತ್ತೆ ಮತ್ತೆ ಚಿಕ್ಕದಾಗುತ್ತಿದ್ದರೆ ಅದರ ಹಿಂದೆ ಬೇರೆ ಏನೋ ಇರಬಹುದು. ಥೈರಾಯ್ಡ್ ಇರಬಹುದು, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಜಾಸ್ತಿ ಇರಬಹುದು, ಊಟ ಸಾಲದೆ ಇರಬಹುದು, ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರಬಹುದು. ನನ್ನ ವಿಷಯದಲ್ಲಿ ಥೈರಾಯ್ಡ್ ಇತ್ತು. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತಾ ಕೂತಿದ್ದ ನನಗೆ ಸುಸ್ತು ಕೆಲಸದ್ದು ಎಂದೇ ಎಲ್ಲರೂ ಹೇಳುತ್ತಿದ್ದರು. ನಾನು ದಿನ ಎಣಿಸಿ ಬರೆದಿಟ್ಟ ಪುಸ್ತಕದ ಲೆಕ್ಕ ನೋಡಿಯೇ ಡಾಕ್ಟರಮ್ಮ ರಕ್ತ ಪರೀಕ್ಷೆ ಬರೆದುಕೊಟ್ಟದ್ದು.

ಎಣಿಸುವುದು ಹೀಗೆ. ಮೊದಲನೇ ದಿನ ಎಂದರೆ ಪ್ಯಾಡ್ ಬೇಕಾಗುವಷ್ಟು ರಕ್ತ ಬಂದ ದಿನ. ಅದಕ್ಕಿಂತ ಮೊದಲು ಬರುವ ಕಂದು ಕಲೆಯನ್ನು ಹಿಂದಿನ ತಿಂಗಳಿಗೇ ಸೇರಿಸಿ, ಪಕ್ಕದಲ್ಲಿ ‘ಕಲೆ’ ಎಂದು ಬರೆದಿಡಿ. ಅದೂ ಡಾಕ್ಟರಿಗೆ ಉಪಯೋಗಕ್ಕೆ ಬರುತ್ತದೆ. ಮೊಬೈಲ್ ಆ್ಯಪ್ ತೋರಿಸುವ ಅಂಡ ಬಿಡುಗಡೆಯ ದಿನವನ್ನು ಮಾತ್ರ ನಂಬಬೇಡಿ. ಬರೀ ಮುಟ್ಟಿನ ದಿನಾಂಕ ಹಾಕಿದರೆ ಬಹಳಷ್ಟು ಆ್ಯಪ್‌ಗಳು ಎಲ್ಲರಿಗೂ ಮುಂದಿನ ಮುಟ್ಟಿನಿಂದ ಸುಮಾರು 14 ದಿನ ಹಿಂದಕ್ಕೆ ಎಣಿಸಿ ಹೇಳುತ್ತವೆ. ನಿಮ್ಮ ಎರಡನೇ ಭಾಗ 9 ದಿನದ್ದಾಗಿದ್ದರೆ ಅದು ತೋರಿಸುವ ದಿನ ನಿಜವಾದ ದಿನಕ್ಕಿಂತ ಐದು ದಿನ ಮೊದಲೇ ಬಂದುಹೋಗಿರುತ್ತದೆ.

ಮೆಡಿಕಲ್ ಶಾಪಿನಲ್ಲಿ ಓವ್ಯುಲೇಶನ್ ಕಿಟ್ ಎಂದು ಕೇಳಿ. ಅಂಡ ಬಿಡುಗಡೆಗೆ ಮುಂಚೆ ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರಿದ್ದನ್ನು ಅದು ತೋರಿಸುತ್ತದೆ. 28 ದಿನದ ಚಕ್ರವಾದರೆ 10ನೇ ದಿನದ ಸುಮಾರಿಗೆ ಶುರು ಮಾಡಿ, ದಿನಾ ಒಂದೇ ಹೊತ್ತಿಗೆ ನೋಡಿ. ಮಧ್ಯಾಹ್ನದಿಂದ ಸಂಜೆಯೊಳಗೆ ಒಳ್ಳೆಯದು. ನಮ್ಮ ಕಡೆ ಒಂದು ತೊಂದರೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಚೊಂಬುಗಟ್ಟಲೆ ನೀರು ಕುಡಿಯುತ್ತೇವೆ. ಮೂತ್ರ ತೆಳ್ಳಗಾಗಿ ಗೆರೆ ಮಸುಕಾಗಿ ಬರುತ್ತದೆ. ನೀರು ಬಿಡಬೇಡಿ, ಪರೀಕ್ಷೆಗೆ ಮೊದಲಿನ ಎರಡು ತಾಸು ಮಾತ್ರ ಸ್ವಲ್ಪ ಕಡಿಮೆ ಕುಡಿಯಿರಿ. ಕಿಟ್ ಇಡುವ ಜಾಗವನ್ನೂ ನೋಡಿ. ಬಹಳಷ್ಟು ಪ್ಯಾಕೆಟ್‌ಗಳ ಮೇಲೆ 30 ಡಿಗ್ರಿ ಒಳಗೆ ಇಡಿ ಎಂದು ಬರೆದಿರುತ್ತದೆ. ತಗಡಿನ ಮನೆಯ ಅಟ್ಟದಲ್ಲಿ, ಅಡುಗೆಮನೆಯ ಮಾಡದಲ್ಲಿ ಇಟ್ಟರೆ ಬೇಸಿಗೆಯಲ್ಲಿ ಕೆಡಬಹುದು. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿ ಬಂದರೆ ಪಾಸಿಟಿವ್. ಅಲ್ಲಿಂದ ಸುಮಾರು 24ರಿಂದ 36 ತಾಸಿಗೆ ಅಂಡ ಬಿಡುಗಡೆಯಾಗುತ್ತದೆ. ಮೊದಲ ಪಾಸಿಟಿವ್‌ನ ಮರುದಿನವನ್ನು ಅಂಡದ ದಿನ ಎಂದು ಗುರುತು ಹಾಕಿ, ಅದರ ಮಾರನೇ ದಿನದಿಂದ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಿ. ಪಿಸಿಓಎಸ್ ಇದ್ದವರಿಗೆ ಈ ಕಿಟ್ ಸುಮ್ಮನೆ ಪಾಸಿಟಿವ್ ತೋರಿಸಬಹುದು. ಅವರು ಸ್ಕ್ಯಾನಿನಲ್ಲಿ ಅಂಡ ಬೆಳೆಯುವುದನ್ನು ನೋಡುವ ಫಾಲಿಕ್ಯುಲರ್ ಸ್ಟಡಿಯನ್ನೇ ಕೇಳುವುದು ಒಳ್ಳೆಯದು.

ಕಡಿಮೆ ಖರ್ಚಿನ ದಾರಿ ಮೈಶಾಖ. ಎರಡು ದಶಮಾಂಶ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಬೇಕು. ಕಡಿಮೆ ಎಂದರೆ ಮೂರು ತಾಸು ನಿದ್ದೆಯಾದ ಮೇಲೆ, ಹಾಸಿಗೆಯಿಂದ ಏಳುವ ಮೊದಲು, ನೀರನ್ನೂ ಕುಡಿಯದೆ ನಾಲಿಗೆ ಕೆಳಗೆ ಇಟ್ಟು ನೋಡಿ. ಅಂಡ ಬಿಡುಗಡೆಯಾದ ಮೇಲೆ ಫ್ಯಾರನ್‌ಹೀಟ್‌ನಲ್ಲಿ ಸುಮಾರು ಅರ್ಧ ಡಿಗ್ರಿ ಏರಿ, ಮುಟ್ಟು ಹತ್ತಿರ ಬರುವ ತನಕ ಹಾಗೇ ನಿಲ್ಲುತ್ತದೆ. ಸತತ ಮೂರು ದಿನ ಏರಿದ್ದರೆ ಲೆಕ್ಕಕ್ಕೆ ತಗೊಳ್ಳಿ. ಒಂದು ದಿನ ಮಾಳಿಗೆ ಮೇಲೆ, ಇನ್ನೊಂದು ದಿನ ಕೂಲರ್ ಮುಂದೆ ಮಲಗಿದರೆ, ಗಂಡ ನೈಟ್ ಶಿಫ್ಟ್ ಮುಗಿಸಿ ನಸುಕಿನಲ್ಲಿ ಬಾಗಿಲು ಬಡಿದರೆ ಅಂಕಿ ಅತ್ತಿತ್ತ ಆಗುತ್ತದೆ. ಅಂಥ ದಿನದ ಪಕ್ಕ ಕಾರಣ ಬರೆಯಿರಿ. ಈ ಏರಿಕೆ ಅಂಡ ಹೋದ ಮೇಲೆ ಗೊತ್ತಾಗುವುದರಿಂದ ಇದು ಎಣಿಕೆಗೆ ಒಳ್ಳೆಯದು, ಆ ತಿಂಗಳ ಸೇರುವಿಕೆಗೆ ತಡ. ಮನೆಯಲ್ಲಿ ಹಿರಿಯರು ‘ಮೈ ಉಷ್ಣ ಆಗಿದೆ, ಅದಕ್ಕೇ ನಿಲ್ಲುತ್ತಿಲ್ಲ’ ಎಂದು ತಂಪಿಗೆ ಏನೇನೋ ಕುಡಿಸುತ್ತಾರೆ. ಪ್ರೀತಿಯಿಂದ ಕೊಟ್ಟ ಮಜ್ಜಿಗೆ ಕುಡಿಯಿರಿ. ಆದರೆ ಈ ದಿನಗಳಲ್ಲಿ ಶಾಖ ಏರುವುದು ಪ್ರೊಜೆಸ್ಟರಾನ್ ಬರುತ್ತಿದೆ ಎನ್ನುವ ಒಳ್ಳೆಯ ಗುರುತು.

ಇನ್ನೊಂದು ಗುರುತನ್ನು ಕಣ್ಣಿಂದಲೇ ನೋಡಬಹುದು. ಅಂಡ ಬರುವ ಮುಂಚಿನ ದಿನಗಳಲ್ಲಿ ಬಿಳಿ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆದರೆ ಎಳೆಯಾಗಿ ಬರುತ್ತದೆ. ಆಗಲೇ ಪ್ರಯತ್ನ ಶುರು ಮಾಡಬೇಕು.

ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು. ಅಂಡಕ್ಕೆ ಒಂದು ದಿನವೂ ಪೂರ್ತಿ ಆಯಸ್ಸಿಲ್ಲ. ಹಾಗಾಗಿ ಅಂಡದ ದಿನ ಮತ್ತು ಅದರ ಹಿಂದಿನ ಐದು ದಿನ ಮುಖ್ಯ. ಅದರಲ್ಲೂ ಹಿಂದಿನ ಎರಡು ದಿನ ಬಹಳ ಒಳ್ಳೆಯವು. ತೋರಣಗಲ್ಲಿನ ಕಾರ್ಖಾನೆಗೆ ಹೋಗುವ ಗಂಡಂದಿರ ಹೆಂಡತಿಯರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ: ಪಾಸಿಟಿವ್ ಗೆರೆ ಬರಲಿ ಎಂದು ಕಾಯಬೇಡಿ. ಅದು ಬಂದ ರಾತ್ರಿಯೇ ಸಿ ಶಿಫ್ಟ್ (ರಾತ್ರಿ ಪಾಳಿ) ಬೀಳುತ್ತದೆ. ಸ್ರಾವ ತಿಳಿಯಾದ ದಿನದಿಂದ ದಿನ ಬಿಟ್ಟು ದಿನ ಸೇರಿದರೆ ಸಾಕು. ರಾತ್ರಿಯೇ ಆಗಬೇಕೆಂಬ ನಿಯಮವಿಲ್ಲ. ಶಿಫ್ಟ್ ಚೀಟಿಯನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿ. ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮಾವ, ನೆಗೆಣ್ಣಿ, ಮಕ್ಕಳು ಎಲ್ಲ ಇರುವಾಗ ಹಗಲು ಹೊತ್ತು ಸಿಗುವುದು ಕಷ್ಟ, ಗೊತ್ತು. ಗಂಡನೇ ತನ್ನ ತಾಯಿಗೆ ಒಂದು ಮಾತು ಹೇಳಿ ದಾರಿ ಮಾಡಬೇಕು. ಆ ಭಾರವೂ ಹೆಣ್ಣಿನ ಮೇಲೆಯೇ ಬೀಳುವುದು ಸರಿಯಲ್ಲ.

ಎರಡು ಮೂರು ತಿಂಗಳ ಲೆಕ್ಕ ಆದ ಮೇಲೆ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗ ಇದೆ. ವಯಸ್ಸು 35 ದಾಟಿದ್ದರೆ ಆರು ತಿಂಗಳ ಪ್ರಯತ್ನ ಸಾಕು, ಒಳಗಿದ್ದರೆ ಒಂದು ವರ್ಷ ಎನ್ನುತ್ತಾರೆ. ಆದರೆ ಮುಟ್ಟು ಏರುಪೇರಾಗಿದ್ದರೆ, ಎರಡನೇ ಭಾಗ ಪ್ರತಿ ಸಲ ಚಿಕ್ಕದಿದ್ದರೆ ಮೊದಲೇ ಹೋಗಿ.

ಥೈರಾಯ್ಡ್ ತಿಳಿಯಲು ಟಿಎಸ್‌ಎಚ್, ಜೊತೆಗೆ ಪ್ರೊಲ್ಯಾಕ್ಟಿನ್ ನೋಡುತ್ತಾರೆ. ಇಲ್ಲೊಂದು ಮಾತು ಹೇಳಲೇಬೇಕು. ಮಿರ್ಚಿ ಬಜಿ, ಖಾರದ ಚಟ್ನಿ ತಿನ್ನುವ ನಮ್ಮ ಕಡೆ ಗ್ಯಾಸ್ಟ್ರಿಕ್ ಮಾತ್ರೆ ಎಲ್ಲರ ಪರ್ಸಿನಲ್ಲೂ ಇರುತ್ತದೆ. ಅದರಲ್ಲಿ ಡೊಂಪೆರಿಡೋನ್ ಅಥವಾ ಲೆವೋಸಲ್ಪಿರೈಡ್ ಸೇರಿದ್ದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಮಾತ್ರೆ ಪಟ್ಟಿಯ ಹಿಂಬದಿ ಓದಿ, ತಿನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರೂ ಹೇಳಿ, ಅದು ಥೈರಾಯ್ಡ್ ಅಂಕಿಯನ್ನೇ ತಪ್ಪಾಗಿ ತೋರಿಸಬಹುದು. ಪ್ರೊಜೆಸ್ಟರಾನ್ ಪರೀಕ್ಷೆಯನ್ನು 21ನೇ ದಿನ ಮಾಡಿಸಿ ಎಂದು ಬರೆದಿರುತ್ತಾರೆ. ಅದು 14ನೇ ದಿನ ಅಂಡ ಬರುವವರಿಗೆ ಸರಿ. 18ನೇ ದಿನ ಬರುವವರಿಗೆ 25ನೇ ದಿನ ಮಾಡಿಸಬೇಕು. ನಿಮ್ಮ ಪುಸ್ತಕ ತೋರಿಸಿ ದಿನ ಬದಲಿಸಿ ಕೇಳಿ. ವರದಿಯಲ್ಲಿ 3 ng/mLಗಿಂತ ಮೇಲೆ ಬಂದರೆ ಅಂಡ ಬಿಡುಗಡೆಯಾಗಿದೆ ಎಂದರ್ಥ. ಈ ಹಾರ್ಮೋನು ತಾಸು ತಾಸಿಗೆ ಏರಿಳಿಯುವುದರಿಂದ ಒಂದು ಸಲ ಬಂದ ಕಡಿಮೆ ಅಂಕಿ ನೋಡಿ ಅಳುವುದು ಬೇಡ.

ಅದೇ ವಾರ ಗಂಡನ ವೀರ್ಯ ಪರೀಕ್ಷೆಯೂ ಆಗಲಿ. ಎರಡರಿಂದ ಏಳು ದಿನ ಸೇರದೆ ಇದ್ದು ಕೊಡಬೇಕು. ಕುಲುಮೆಯ ಹತ್ತಿರ ಬಿಸಿಯಲ್ಲಿ ದುಡಿಯುವವರಿಗೆ, ಗುಟ್ಕಾ, ಬೀಡಿ ಚಟ ಇರುವವರಿಗೆ ಇದು ಇನ್ನೂ ಮುಖ್ಯ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತದೆ, ಹಾಗಾಗಿ ಚಟ ಬಿಟ್ಟ ಫಲ ಕಾಣಲು ಮೂರು ತಿಂಗಳು ಕಾಯಬೇಕು. ಹೆಂಡತಿಯನ್ನು ಊರೂರು ಸುತ್ತಿಸಿ ಗಂಡನ ಒಂದು ಪರೀಕ್ಷೆ ಮಾಡಿಸದ ಮನೆಗಳನ್ನು ನೋಡಿದ್ದೇನೆ. ನನಗೆ ಬಹಳ ಸಂಕಟವಾಗುತ್ತದೆ.

ಮಾತ್ರೆಯ ವಿಷಯ. ಕಾರಣ ಸಿಕ್ಕರೆ ಅದಕ್ಕೇ ಮದ್ದು. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ನನ್ನ ಎರಡನೇ ಭಾಗ ಉದ್ದವಾಯಿತು, ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತಗೊಂಡು ಅರ್ಧ ತಾಸಾದ ಮೇಲೆ ಚಹಾ ಕುಡಿಯಬೇಕು. ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ತಾಸು ಅಂತರ ಇರಲಿ. ಅಂಡವೇ ಸರಿಯಾಗಿ ಬೆಳೆಯದಿದ್ದರೆ ಲೆಟ್ರೋಜೋಲ್‌ನಂಥದ್ದು ಕೊಡುತ್ತಾರೆ. ಪ್ರೊಜೆಸ್ಟರಾನ್ ಮಾತ್ರೆಯನ್ನು ‘16ನೇ ದಿನದಿಂದ’ ಎಂದು ಬರೆದುಕೊಟ್ಟರೆ, ‘ನನಗೆ ಅಂಡ ಇಷ್ಟನೇ ದಿನ ಬರುತ್ತದೆ, ಯಾವಾಗ ಶುರು ಮಾಡಲಿ?’ ಎಂದು ಕೇಳಿ. ಅಂಡ ಬಿಡುಗಡೆಗೆ ಮೊದಲೇ ಶುರುವಾದರೆ ಆ ಬಿಡುಗಡೆಗೇ ಅಡ್ಡ ಬರಬಹುದು. ಬೇರೆ ಮದ್ದು ಇಲ್ಲದೆ ತಾನಾಗಿ ಅಂಡ ಬರುವವರಿಗೆ ಈ ಮಾತ್ರೆಯಿಂದ ಬಸಿರಾಗುವುದು ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಬಿ6 ವಿಟಮಿನ್ ಮಾತೂ ಹಾಗೆಯೇ. ಅದನ್ನು ಹೆಚ್ಚು ಡೋಸಿನಲ್ಲಿ ಬಹಳ ಕಾಲ ತಿಂದರೆ ನರಕ್ಕೆ ಪೆಟ್ಟು. ಇನ್ನು ಜಾತ್ರೆಗೆ, ಮದುವೆಗೆ, ಪೂಜೆಗೆ ಮುಟ್ಟು ಮುಂದೂಡುವ ಮಾತ್ರೆ ಇದೆಯಲ್ಲ, ಪ್ರಯತ್ನದ ತಿಂಗಳಲ್ಲಿ ಅದು ಬೇಡವೇ ಬೇಡ. ತಗೊಂಡ ತಿಂಗಳ ಎಣಿಕೆಯೂ ಕೆಟ್ಟುಹೋಗುತ್ತದೆ.

ಮಗು ಬೇಡಿಕೊಂಡು ಹುಲಿಗೆಮ್ಮನಿಗೆ ಮಂಗಳವಾರ, ಶುಕ್ರವಾರ, ಶ್ರಾವಣದಲ್ಲಿ ಸೋಮವಾರವೂ ಸೇರಿ ಒಂದೇ ಹೊತ್ತು ಉಣ್ಣುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಒಂದು ದಿನದ ಉಪವಾಸದಿಂದ ಏನೂ ಆಗುವುದಿಲ್ಲ. ಆದರೆ ವಾರಗಟ್ಟಲೆ ದುಡಿಮೆಗಿಂತ ಊಟ ಕಡಿಮೆಯಾದರೆ ಮೆದುಳು ಹಾರ್ಮೋನಿನ ಕೆಲಸವನ್ನೇ ತಗ್ಗಿಸುತ್ತದೆ, ಮೊದಲು ಕುಗ್ಗುವುದು ಈ ಎರಡನೇ ಭಾಗವೇ. ಹರಕೆಯನ್ನು ಬೇರೆ ರೀತಿ ತೀರಿಸಿ. ಎರಡು ಹೊತ್ತು ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ, ಶೇಂಗಾ ಚಟ್ನಿ ಹೊಟ್ಟೆ ತುಂಬ ಉಣ್ಣಿ. ಪ್ರಯತ್ನ ಶುರುವಾದ ದಿನದಿಂದಲೇ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ದಿನಾ ಬೇಕು.

ಅಂಡದ ದಿನದಿಂದ 14 ದಿನ ಆಗುವ ತನಕ ಬಸಿರಿನ ಪರೀಕ್ಷೆ ಬೇಡ. ಆಶಾ ಕಾರ್ಯಕರ್ತೆಯ ಹತ್ತಿರ ನಿಶ್ಚಯ್ ಕಿಟ್ ಉಚಿತವಾಗಿ ಸಿಗುತ್ತದೆ. ಪ್ರೊಜೆಸ್ಟರಾನ್ ತಗೊಳ್ಳುತ್ತಿರುವವರಿಗೆ ಮುಟ್ಟು ತಡವಾಗಿ ಬರುವುದು ಮಾತ್ರೆಯಿಂದಲೂ ಇರಬಹುದು, ಅದಕ್ಕೆ ಪರೀಕ್ಷೆ ಮಾಡಿಯೇ ನಂಬಿ. ಪಾಸಿಟಿವ್ ಬಂದರೆ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಥೈರಾಯ್ಡ್ ಮಾತ್ರೆ ತಿನ್ನುವವರು ಅದೇ ವಾರ ಡಾಕ್ಟರನ್ನು ಕಾಣಬೇಕು, ಬಸಿರಿನಲ್ಲಿ ಸಾಮಾನ್ಯವಾಗಿ ಡೋಸ್ ಹೆಚ್ಚಿಸಬೇಕಾಗುತ್ತದೆ. ಹೊಟ್ಟೆಯ ಒಂದು ಬದಿ ಜೋರು ನೋವು, ತಲೆ ಸುತ್ತು ಅಥವಾ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.