ಹಳೆಯ ಫ್ರಿಜ್ ಮಾರಿದರೆ ಜಿಎಸ್‌ಟಿ ಕಟ್ಟಬೇಕೇ?

ಮನೆಯ ಹಳೆಯ ಫ್ರಿಜ್ ಮಾರಲು ಆನ್‌ಲೈನ್‌ನಲ್ಲಿ ಫೋಟೊ ಹಾಕಿದ್ದೆ. ನೋಡಲು ಬಂದವರು ಬಾಗಿಲಿನ ರಬ್ಬರ್ ಪಟ್ಟಿ ಒತ್ತಿದರು, ಐಸ್ ಟ್ರೇ ಎಳೆದರು, ಕೊನೆಗೆ ಕೇಳಿದರು: ‘ಆರು ಸಾವಿರ ಎಂದಿರಲ್ಲ, ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ?’ ನಗು ಬಂತು. ಆದರೆ ಅವರ ಅನುಮಾನಕ್ಕೂ ಕಾರಣವಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ ಮೇಲೆ, ಮೊಬೈಲ್‌ಗೆ ಹಣ ಬಂದರೂ ಜನ ಬೆಚ್ಚುವಂತಾಗಿದೆ.

ಮೊದಲು ಕೊಳ್ಳುವಾಗಿನ ಬಿಲ್

ಆನ್‌ಲೈನ್ ಅಂಗಡಿಯವರು ತೋರಿಸುವ ಬೆಲೆಯಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುತ್ತದೆ. ಅದು ಎಷ್ಟೆಂದು ತಿಳಿಯಲು, ಶೇ 18ರ ದರದ ವಸ್ತುವಾದರೆ, ಬೆಲೆಯನ್ನು 118ರಿಂದ ಭಾಗಿಸಿ 100ರಿಂದ ಗುಣಿಸಿ. 23,600 ರೂಪಾಯಿಯ ಫ್ರಿಜ್‌ಗೆ ಮೂಲ ಬೆಲೆ 20,000, ತೆರಿಗೆ 3,600. ನೇರವಾಗಿ 23,600ಕ್ಕೇ ಶೇ 18 ಲೆಕ್ಕ ಹಾಕಿ 4,248 ಎನ್ನುವವರೇ ಹೆಚ್ಚು.

ನಂತರ ಮಾರಾಟಗಾರರ ಹದಿನೈದು ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆ ನೋಡಿ. ಮೊದಲ ಎರಡು ಅಂಕಿ ರಾಜ್ಯದ ಗುರುತು: 29 ಎಂದರೆ ಕರ್ನಾಟಕ. ದಾವಣಗೆರೆಯ ನಿಮ್ಮ ಮನೆಗೆ 29ರ ಮಾರಾಟಗಾರ ಕಳುಹಿಸಿದರೆ ಬಿಲ್‌ನಲ್ಲಿ ಕೇಂದ್ರಕ್ಕೆ ಶೇ 9, ರಾಜ್ಯಕ್ಕೆ ಶೇ 9 ಎಂದು ಎರಡು ಸಾಲುಗಳಿರುತ್ತವೆ. 06, ಅಂದರೆ ಹರಿಯಾಣದಿಂದ ಬಂದರೆ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವ ಸರಕಿನ ಜಿಎಸ್‌ಟಿ) ಶೇ 18 ಎಂಬ ಒಂದೇ ಸಾಲು. ನಿಮ್ಮ ಜೇಬಿಗೆ ಎರಡೂ ಒಂದೇ. ಸಂಖ್ಯೆ ಅಸಲಿಯೇ ಎಂಬುದನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಮಾರುವಾಗ

ಜಿಎಸ್‌ಟಿ ಬೀಳುವುದು ವ್ಯಾಪಾರವಾಗಿ ನಡೆಸುವ ಮಾರಾಟದ ಮೇಲೆ. ನೀವು ಬಳಸಿದ ಮಂಚ, ಮೊಬೈಲ್, ಫ್ರಿಜ್ ಮಾರುವುದು ವ್ಯಾಪಾರವಲ್ಲ. ಯಾವ ಆ್ಯಪ್‌ನಲ್ಲಿ ಜಾಹೀರಾತು ಹಾಕಿದರೂ, ಹಣ ಯುಪಿಐನಲ್ಲಿ ಬಂದರೂ ಅಷ್ಟೇ. ಹಳೆಯ ಬಳೆಯನ್ನು ಚಿನ್ನದಂಗಡಿಗೆ ಮಾರಿದರೂ ನೀವು ಜಿಎಸ್‌ಟಿ ಕಟ್ಟಬೇಕಿಲ್ಲ (ಒಡವೆಯ ಲಾಭಕ್ಕೆ ಆದಾಯ ತೆರಿಗೆ ಬರಬಹುದು, ಅದು ಬೇರೆ ಲೆಕ್ಕ). ನೋಂದಣಿ ಇಲ್ಲದವರು ಕೊಳ್ಳುವವರಿಂದ ಜಿಎಸ್‌ಟಿ ವಸೂಲಿ ಮಾಡುವುದೇ ಕಾನೂನಿಗೆ ವಿರುದ್ಧ.

ತಿಂಗಳಿಗೆ ಹತ್ತು ಹಳೆಯ ಫೋನ್ ಕೊಂಡು, ರಿಪೇರಿ ಮಾಡಿ, ಲಾಭಕ್ಕೆ ಮಾರುತ್ತಿದ್ದರೆ ಮಾತ್ರ ಅದು ವ್ಯಾಪಾರ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವ ವ್ಯಾಪಾರಿ ಈ ಮಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಹಳೆಯ ಕಾರಿನ ಗೊಂದಲ

2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೆಯ ವಾಹನಗಳಿಗೆ ಶೇ 18 ದರ ಎಂದಾಗ, ‘ನಷ್ಟಕ್ಕೆ ಮಾರಿದರೂ ತೆರಿಗೆಯಂತೆ’ ಎಂಬ ಗುಲ್ಲೆದ್ದಿತು. ಅದು ಸುಳ್ಳು. ನೋಂದಾಯಿತ ಡೀಲರ್ ನಿಮ್ಮ ಕಾರನ್ನು 5 ಲಕ್ಷಕ್ಕೆ ಕೊಂಡು 5.6 ಲಕ್ಷಕ್ಕೆ ಮಾರಿದರೆ ತೆರಿಗೆ ಆ 60,000ದ ಮೇಲೆ ಮಾತ್ರ, ಅಂದರೆ 10,800 ರೂಪಾಯಿ. ಲಾಭವೇ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ನೀವು ನೆರೆಯವರಿಗೆ ಮಾರಿದರೆ ಈ ಲೆಕ್ಕವೇ ಬರುವುದಿಲ್ಲ. ಫಾರಂ 29, 30 ತುಂಬಿ ಆರ್‌ಸಿ ಹೆಸರು ಬದಲಾಗುವವರೆಗೆ ಬೆನ್ನು ಹತ್ತಿ. ಹೆಸರು ಬದಲಾಗದ ಕಾರಿನ ದಂಡದ ಚೀಟಿ ನಿಮ್ಮ ಮನೆಗೇ ಬರುತ್ತದೆ.

ಕಾಗದ ಮತ್ತು ಹಣ

ಹಳೆಯ ಫೋನ್ ಕೊಳ್ಳುವವರು *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಪಡೆದು, ಬಿಲ್‌ನಲ್ಲಿರುವ ಸಂಖ್ಯೆಯ ಜೊತೆ ತಾಳೆ ನೋಡಬೇಕು. ಮಾರುವವರು ನೆನಪಿಡಬೇಕಾದದ್ದು: ಹಣ ಪಡೆಯಲು ಯುಪಿಐ ಪಿನ್ ಬೇಡ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಜಿಎಸ್‌ಟಿ ಕಟ್ಟಿದರೆ ಹಣ ಬಿಡುಗಡೆ’ ಎಂದವರ ಕರೆಯನ್ನು ಅಲ್ಲಿಯೇ ಕತ್ತರಿಸಿ.

ನನ್ನ ಫ್ರಿಜ್‌ನ ಬಿಲ್ ಹುಡುಕಿದರೆ ಥರ್ಮಲ್ ಕಾಗದ ಬಿಳಿಚಿಕೊಂಡು ಒಂದಕ್ಷರವೂ ಉಳಿದಿರಲಿಲ್ಲ. ಹಿಂಬದಿಯ ಪಟ್ಟಿಯ ಧೂಳೊರೆಸಿ ಸೀರಿಯಲ್ ನಂಬರ್ ಬರೆದುಕೊಂಡೆ. ಬಿಳಿ ಹಾಳೆಯಲ್ಲಿ ದಿನಾಂಕ, ಮಾಡೆಲ್, ಬೆಲೆ, ‘ಸ್ವಂತ ಬಳಕೆಯ ಹಳೆಯ ವಸ್ತು’ ಎಂಬ ಸಾಲು, ಕೆಳಗೆ ಇಬ್ಬರ ಸಹಿ. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಐನೂರು ಕಡಿಮೆ ಮಾಡಿ ಎಂದರು.