ಬ್ರೌಸರ್‌ನಲ್ಲಿ ವಿಡಿಯೊ ಓಡುತ್ತಿಲ್ಲವೇ? ಲಿನಕ್ಸನ್ನು ಮತ್ತೆ ಹಾಕುವ ಮುಂಚೆ ಇಷ್ಟು ನೋಡಿ

ಒಂದು ಭಾನುವಾರವನ್ನು ಪೂರ್ತಿಯಾಗಿ ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಒಂದು ರೂಪ) ಅನ್ನು ಮತ್ತೊಮ್ಮೆ ಹಾಕುವುದರಲ್ಲೇ ಕಳೆದಿದ್ದೇನೆ. ಫೈರ್‌ಫಾಕ್ಸ್‌ನಲ್ಲಿ ಯಾವ ವಿಡಿಯೊ ಒತ್ತಿದರೂ ನಡುವೆ ದುಂಡನೆಯ ಚಕ್ರ ತಿರುಗುತ್ತಿತ್ತೇ ಹೊರತು ಚಿತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಇಂಟರ್ನೆಟ್ ಸರಿಯಿತ್ತು. ಮೊದಲು ಬ್ರೌಸರ್ ತೆಗೆದು ಹಾಕಿದೆ, ಕೊನೆಗೆ ಇಡೀ ಸಿಸ್ಟಮ್ಮನ್ನೇ. ಸಂಜೆ ಹೊತ್ತಿಗೆ ಎಲ್ಲ ಸರಿಹೋಯಿತು. ಮುಂದಿನ ವಾರ ಮತ್ತೆ ಅದೇ ಚಕ್ರ. ತಪ್ಪು ಎಲ್ಲಿತ್ತು ಎಂಬುದನ್ನು ಕೊನೆಗೆ ಹೇಳುತ್ತೇನೆ.

‘ವಿಡಿಯೊ ಓಡ್ತಾ ಇಲ್ಲ’ ಅನ್ನುವುದು ‘ಹೊಟ್ಟೆ ನೋವು’ ಅಂದ ಹಾಗೆ. ಎಲ್ಲಿ ನೋವು, ಎಂಥ ನೋವು ಎಂದು ಕೇಳದೆ ಔಷಧಿ ಕೊಡಲಾಗದು. ಪರದೆ ಕಪ್ಪಾಗಿದೆಯೇ? ಅದರ ಮೇಲೆ ಏನಾದರೂ ಬರೆದಿದೆಯೇ? ಓಡುತ್ತದೆ, ಆದರೆ ಕುಂಟುತ್ತದೆಯೇ? ಚಕ್ರ ಮಾತ್ರ ತಿರುಗುತ್ತದೆಯೇ? ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಮೊದಲ ಐದು ನಿಮಿಷ

ಅದೇ ವಿಡಿಯೊವನ್ನು ಇನ್ನೊಂದು ಬ್ರೌಸರಿನಲ್ಲಿ ತೆರೆಯಿರಿ. ಅಲ್ಲಿ ಓಡಿದರೆ ಸಿಸ್ಟಮ್ ಬಹುಮಟ್ಟಿಗೆ ಸರಿಯಿದೆ ಎಂದರ್ಥ. ಫೈರ್‌ಫಾಕ್ಸ್‌ನ ಹೆಲ್ಪ್ ಮೆನುವಿನಲ್ಲಿ ‘ಟ್ರಬಲ್‌ಶೂಟ್ ಮೋಡ್’ ಇದೆ. ಅದು ಎಲ್ಲ ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರಿಗೆ ನಾವು ಸೇರಿಸಿಕೊಂಡ ಸಣ್ಣ ತಂತ್ರಾಂಶಗಳನ್ನು) ತಾತ್ಕಾಲಿಕವಾಗಿ ಪಕ್ಕಕ್ಕಿಟ್ಟು ಬ್ರೌಸರನ್ನು ತೆರೆಯುತ್ತದೆ. ಅಲ್ಲಿ ವಿಡಿಯೊ ಬಂದರೆ ಅಪರಾಧಿ ಹೆಚ್ಚಾಗಿ ಜಾಹೀರಾತು ತಡೆಯುವ ಯಾವುದೋ ಎಕ್ಸ್‌ಟೆನ್ಶನ್. ಹಳೇ ಯಂತ್ರವಾದರೆ ಮೂಲೆಯ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಸುರಕ್ಷತಾ ಪ್ರಮಾಣಪತ್ರಗಳು ಹೊಂದದೆ ವಿಡಿಯೊ ಇರಲಿ, ಪುಟವೇ ತೆರೆಯದು.

‘ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ’ ಎನ್ನುವ ಹಳೇ ಸಲಹೆ ಇನ್ನೂ ಅಲ್ಲಲ್ಲಿ ಸಿಗುತ್ತದೆ. ಅಡೋಬಿ ಅದಕ್ಕೆ 2020ರ ಡಿಸೆಂಬರ್ 31ಕ್ಕೇ ತಿಲಾಂಜಲಿ ಕೊಟ್ಟಿದೆ. ಈಗ ಅದನ್ನು ಹಾಕಿ ಎನ್ನುವ ಪುಟ ಕಂಡರೆ ಮುಚ್ಚಿಬಿಡಿ.

ಪರದೆ ಕಪ್ಪು: ಕೊಡೆಕ್ ಇಲ್ಲ

‘ಈ ನಮೂನೆಯ ವಿಡಿಯೊಗೆ ಬೆಂಬಲವಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಕಪ್ಪು ಪರದೆಯ ಮೇಲೆ ಬಂದರೆ ಕೊರತೆ ಕೊಡೆಕ್‌ನದು. ವಿಡಿಯೊವನ್ನು ಕಳಿಸುವಾಗ ಹಿಂಡಿ ಸಣ್ಣದು ಮಾಡಿರುತ್ತಾರೆ, ಇಲ್ಲಿ ಬಂದ ಮೇಲೆ ಬಿಡಿಸಬೇಕು. ಆ ಹಿಂಡುವ, ಬಿಡಿಸುವ ವಿಧಾನವೇ ಕೊಡೆಕ್. 2003ರಲ್ಲಿ ಬಂದ ಎಚ್.264 ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಅದರ ಮೇಲೆ ಪೇಟೆಂಟ್‌ಗಳಿವೆ. ಹಾಗಾಗಿ ಕೆಲವು ಲಿನಕ್ಸ್ ವಿತರಣೆಗಳು (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ಅದನ್ನು ತಮ್ಮ ಮೂಲ ಪ್ರತಿಯಲ್ಲಿ ಸೇರಿಸುವುದಿಲ್ಲ. ಲಿನಕ್ಸ್ ಕೆಟ್ಟದ್ದು ಅಂತಲ್ಲ, ವಕೀಲರ ಭಯ ಅಷ್ಟೇ.

ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಎಚ್.264 ಬಿಡಿಸಲು ಸಿಸ್ಟಮ್‌ನಲ್ಲಿರುವ ಎಫ್‌ಎಫ್‌ಎಂಪೆಗ್ ಎಂಬ ಕೊಡೆಕ್ ಸಂಗ್ರಹವನ್ನು ನೆಚ್ಚಿಕೊಂಡಿದೆ. ಮಿಂಟ್ ಹಾಕುವಾಗ ‘ಮಲ್ಟಿಮೀಡಿಯಾ ಕೊಡೆಕ್ಸ್’ ಎಂಬ ಪೆಟ್ಟಿಗೆಗೆ ಟಿಕ್ ಮಾಡುವುದನ್ನು ಅರ್ಧದಷ್ಟು ಜನ ಮರೆಯುತ್ತಾರೆ ಎಂಬುದು ನನ್ನ ಗುಮಾನಿ. ಮರೆತಿದ್ದರೆ ಸ್ವಾಗತದ ಕಿಟಕಿಯಿಂದ ಆಮೇಲೂ ಹಾಕಬಹುದು. ಉಬುಂಟುವಿನಲ್ಲಿ ‘ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಎಂಬ ಪ್ಯಾಕೇಜ್ ಇದೆ. ಆದರೆ 22.04ರಿಂದ ಉಬುಂಟುವಿನ ಫೈರ್‌ಫಾಕ್ಸ್ ‘ಸ್ನ್ಯಾಪ್’ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ. ಸ್ನ್ಯಾಪ್ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ.

ಫೆಡೋರಾ ಬಳಸುವವರಿಗೆ ‘ಆರ್‌ಪಿಎಂ ಫ್ಯೂಶನ್’ ಭಂಡಾರವನ್ನು ಸೇರಿಸಿ ಪೂರ್ತಿ ಎಫ್‌ಎಫ್‌ಎಂಪೆಗ್ ಹಾಕಿಕೊಳ್ಳುವುದೇ ದಾರಿ. ಫ್ಲ್ಯಾಟ್‌ಪ್ಯಾಕ್ (ಸ್ನ್ಯಾಪ್‌ನಂಥದೇ ಇನ್ನೊಂದು ಪ್ಯಾಕೇಜ್) ರೂಪದ ಫೈರ್‌ಫಾಕ್ಸ್ ಬೇಕಿದ್ದರೆ ಫೆಡೋರಾದ್ದನ್ನು ಬಿಟ್ಟು ಫ್ಲ್ಯಾಟ್‌ಹಬ್ ಎಂಬ ಭಂಡಾರದಿಂದ ತರಿಸಿ.

ಹಾಕಿದ ಮೇಲೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ವಿಳಾಸದ ಪಟ್ಟಿಯಲ್ಲಿ ‘ಎಬೌಟ್:ಸಪೋರ್ಟ್’ ಎಂದು (ಇಂಗ್ಲಿಷಿನಲ್ಲಿ) ಬರೆದು ಎಂಟರ್ ಒತ್ತಿ, ಮೀಡಿಯಾ ವಿಭಾಗದ ತನಕ ಇಳಿಯಿರಿ. ಯಾವ ಕೊಡೆಕ್ ಸಾಫ್ಟ್‌ವೇರಿನಲ್ಲಿ ಬಿಡಿಸಲಾಗುತ್ತದೆ, ಯಾವುದು ಹಾರ್ಡ್‌ವೇರಿನಲ್ಲಿ ಎಂಬ ಕೋಷ್ಟಕ ಅಲ್ಲಿದೆ. ಆ ಹಾರ್ಡ್‌ವೇರ್ ಕಾಲಂ ಮುಂದಿನ ಭಾಗಕ್ಕೆ ಬೇಕು.

ಕುಂಟುವ ವಿಡಿಯೊ

ನಮ್ಮ ಮನೆಯಲ್ಲಿ ಅಮ್ಮ ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುವುದು ಅದೇ ಹಳೇ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿರುವುದು 4ನೇ ತಲೆಮಾರಿನ ಇಂಟೆಲ್ ಚಿಪ್. ಕೆಲವು ಪ್ರಸಂಗಗಳು ನೀರಿನಂತೆ ಓಡುತ್ತಿದ್ದವು. ಇನ್ನು ಕೆಲವದರಲ್ಲಿ ಚೆಂಡೆಯ ಪೆಟ್ಟು ಒಂದು ಕಡೆ, ವೇಷಧಾರಿಯ ಹೆಜ್ಜೆ ಇನ್ನೊಂದು ಕಡೆ. ಫ್ಯಾನು ಬೇರೆ ಹಿಟ್ಟಿನ ಗಿರಣಿಯ ಹಾಗೆ ಕಿರುಚುತ್ತಿತ್ತು.

ಇಂಥಲ್ಲಿ ಊಹೆ ಮಾಡುವ ಅಗತ್ಯವೇ ಇಲ್ಲ. ಯೂಟ್ಯೂಬ್ ವಿಡಿಯೊ ಮೇಲೆ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿ. ಮೂಲೆಯಲ್ಲಿ ಸಣ್ಣ ಕಪ್ಪು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ಮೂರು ಸಾಲು ಸಾಕು. ‘ಬಫರ್ ಹೆಲ್ತ್’ (ಮುಂಗಡವಾಗಿ ಇಳಿಸಿಟ್ಟ ವಿಡಿಯೊ) ಸೊನ್ನೆಯ ಹತ್ತಿರ ಒದ್ದಾಡುತ್ತಿದ್ದರೆ ತಪ್ಪು ಇಂಟರ್ನೆಟ್ಟಿನದು, ಲಿನಕ್ಸನ್ನು ಬೈಯಬೇಡಿ. ಬಫರ್ ತುಂಬಿದ್ದೂ ‘ಡ್ರಾಪ್ಡ್’ (ತೋರಿಸದೆ ಬಿಟ್ಟುಹೋದ ಚಿತ್ರಗಳು) ಮುಂದಿನ ಸಂಖ್ಯೆ ಏರುತ್ತಲೇ ಇದ್ದರೆ ನಿಮ್ಮ ಯಂತ್ರಕ್ಕೆ ಬಿಡಿಸಿ ಮುಗಿಸಲಾಗುತ್ತಿಲ್ಲ. ಇನ್ನು ‘ಕೊಡೆಕ್ಸ್’ ಎಂಬ ಸಾಲು: ಎವಿಸಿ1 ಎಂದಿದ್ದರೆ ಅದು ಎಚ್.264, ವಿಪಿ9 ಅಥವಾ ವಿಪಿ09 ಎಂದಿದ್ದರೆ ವಿಪಿ9, ಎವಿ01 ಎಂದಿದ್ದರೆ ಎವಿ1.

ಗುಟ್ಟು ಇರುವುದು ಈ ಕೊನೆಯ ಸಾಲಿನಲ್ಲೇ. ನನ್ನ 4ನೇ ತಲೆಮಾರಿನ ಚಿಪ್‌ಗೆ ಎಚ್.264 ಅನ್ನು ತನ್ನ ಗ್ರಾಫಿಕ್ಸ್ ಭಾಗದಲ್ಲೇ ಬಿಡಿಸಲು ಬರುತ್ತದೆ. ವಿಪಿ9, ಎವಿ1 ಬಾರದು. ಇಂಟೆಲ್‌ನಲ್ಲಿ ವಿಪಿ9ಗೆ ಪೂರ್ತಿ ಹಾರ್ಡ್‌ವೇರ್ ಬೆಂಬಲ ಬಂದದ್ದು 7ನೇ ತಲೆಮಾರಿನಲ್ಲಿ, ಎವಿ1ಗೆ 11ನೆಯದರಲ್ಲಿ. ಹಳೇ ಚಿಪ್ಪಿಗೆ ಎವಿ1 ಕೊಟ್ಟರೆ ಇಡೀ ಹೊರೆ ಪ್ರೊಸೆಸರಿನ ತಲೆ ಮೇಲೆ ಬೀಳುತ್ತದೆ. ಅಮ್ಮನಿಗೆ ಕುಂಟುತ್ತಿದ್ದ ಪ್ರಸಂಗಗಳೆಲ್ಲ ಎವಿ01.

ಮದ್ದು ಸುಲಭ. ಫೈರ್‌ಫಾಕ್ಸ್‌ಗೆ ‘ಎನ್‌ಹ್ಯಾನ್ಸ್ಡ್ ಎಚ್264ಇಫೈ’ ಎಂಬ ಎಕ್ಸ್‌ಟೆನ್ಶನ್ ಸಿಗುತ್ತದೆ. ಅದು ನೀವು ಬೇಡವೆಂದ ಕೊಡೆಕ್‌ಗಳನ್ನು ಯೂಟ್ಯೂಬ್ ಕಳಿಸದಂತೆ ತಡೆಯುತ್ತದೆ. ಎಚ್.264 ರೂಪದಲ್ಲಿ ಯೂಟ್ಯೂಬ್ ಕೊಡುವುದು 1080ಪಿ ತನಕ ಮಾತ್ರ. 14 ಇಂಚಿನ ಪರದೆಗೆ ಅದಕ್ಕಿಂತ ಹೆಚ್ಚು ಯಾರಿಗೆ ಬೇಕು?

ಹೀಗೆ ಗ್ರಾಫಿಕ್ಸ್ ಭಾಗವೇ ಬಿಡಿಸುವ ಹಾರ್ಡ್‌ವೇರ್ ಡಿಕೋಡಿಂಗ್ ನಡೆಯಲು ಡ್ರೈವರ್ ಕೂಡ ಬೇಕು. ಇಂಟೆಲ್‌ನ 5ನೇ ತಲೆಮಾರಿನಿಂದ ಈಚೆಗೆ ‘ಇಂಟೆಲ್ ಮೀಡಿಯಾ ವಿಎ ಡ್ರೈವರ್’, ಅದಕ್ಕಿಂತ ಹಳತಾದರೆ ‘ಐ965 ವಿಎ ಡ್ರೈವರ್’. ಎರಡೂ ಸಿನಾಪ್ಟಿಕ್‌ನಲ್ಲಿ (ಪ್ಯಾಕೇಜ್ ಹಾಕುವ ಸಾಧನ) ಹುಡುಕಿದರೆ ಸಿಗುತ್ತವೆ. ಇಂಟೆಲ್ ಗ್ರಾಫಿಕ್ಸ್‌ಗೆ ಫೈರ್‌ಫಾಕ್ಸ್ ಈ ಸೌಲಭ್ಯವನ್ನು ತಾನಾಗಿ ಹಚ್ಚತೊಡಗಿದ್ದು 2023ರ ಜುಲೈಯಲ್ಲಿ ಬಂದ 115ನೇ ಆವೃತ್ತಿಯಿಂದ. ಬ್ರೌಸರ್ ಅದಕ್ಕಿಂತ ಹಳೆಯದಾಗಿದ್ದರೆ ಮೊದಲು ಅಪ್‌ಡೇಟ್ ಮಾಡಿ. ‘ಎಬೌಟ್:ಕಾನ್ಫಿಗ್’ಗೆ ಹೋಗಿ ಕಂಡಕಂಡ ಸ್ವಿಚ್ಚುಗಳನ್ನೆಲ್ಲ ಒತ್ತುವ ಹಳೇ ಸಲಹೆಗಳು ಈಗ ಬೇಡ. ಹಾಗೆ ಒತ್ತಿ ಕೆಡಿಸಿದ್ದೇ ಹೆಚ್ಚು, ನಾನಂತೂ.

ಸಿನಿಮಾ ತಾಣಗಳು ಮಾತ್ರ ಕೈಕೊಟ್ಟರೆ

ಯೂಟ್ಯೂಬ್ ಚೆನ್ನಾಗಿದ್ದು ಹಣ ಕೊಟ್ಟು ನೋಡುವ ತಾಣಗಳು ಮಾತ್ರ ತೆರೆಯದಿದ್ದರೆ ಅದು ಡಿಆರ್‌ಎಂ ಎಂಬ, ನಕಲು ತಡೆಯುವ ಬೀಗ. ಗೂಗಲ್‌ನ ವೈಡ್‌ವೈನ್ ಎಂಬ ಘಟಕ ಆ ಬೀಗ ತೆಗೆಯುತ್ತದೆ. ಕ್ರೋಮ್‌ನಲ್ಲಿ ಅದು ಇದ್ದೇ ಇರುತ್ತದೆ, ಕ್ರೋಮಿಯಂನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಫೈರ್‌ಫಾಕ್ಸ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಡಿಆರ್‌ಎಂ ವಿಡಿಯೊ ಓಡಿಸಲು ಒಪ್ಪಿಗೆಯ ಟಿಕ್ ಹಾಕಬೇಕು. ಇಷ್ಟಾದ ಮೇಲೂ ಚಿತ್ರ ಸ್ವಲ್ಪ ಮಸುಕಾಗಿ ಕಂಡರೆ ಕಣ್ಣುಜ್ಜಿಕೊಳ್ಳಬೇಡಿ. ಲಿನಕ್ಸ್ ಬ್ರೌಸರಿಗೆ ಕಡಿಮೆ ರೆಸಲ್ಯೂಶನ್ನೇ ಸಾಕೆಂದು ಹಲವು ತಾಣಗಳು ತೀರ್ಮಾನಿಸಿವೆ. ದುಡ್ಡು ಮಾತ್ರ ಎಲ್ಲರಿಂದಲೂ ಒಂದೇ.

ಇನ್ನು ಆ ಚಕ್ರ

ಬ್ರೌಸರ್ ಚಿತ್ರವನ್ನು ಓಡಿಸುವುದು ಧ್ವನಿಯ ತಾಳಕ್ಕೆ. ಧ್ವನಿ ಎಷ್ಟು ಮುಂದೆ ಹೋಯಿತೋ ಚಿತ್ರವೂ ಅಷ್ಟೇ. ಹಾಗಾಗಿ ಧ್ವನಿಯ ಸಾಧನ ಉತ್ತರ ಕೊಡದೆ ಕೂತರೆ ಚಿತ್ರವೂ ಕಾಯುತ್ತಾ ನಿಲ್ಲುತ್ತದೆ. ನನ್ನ ಬ್ಲೂಟೂತ್ ಹೆಡ್‌ಫೋನ್ ಅರ್ಧ ಮೊಬೈಲಿಗೂ ಅರ್ಧ ಲ್ಯಾಪ್‌ಟಾಪಿಗೂ ಅಂಟಿಕೊಂಡು ತ್ರಿಶಂಕುವಾಗಿತ್ತು. ಸಿಸ್ಟಮ್ ಅದಕ್ಕೇ ಧ್ವನಿ ಕಳಿಸುತ್ತಾ ಕಾಯುತ್ತಿತ್ತು. ಮೊದಲ ಸಲ ಸರಿಹೋದದ್ದು ಹೊಸದಾಗಿ ಲಿನಕ್ಸ್ ಹಾಕಿದ್ದರಿಂದಲ್ಲ, ನಡುವೆ ಯಂತ್ರ ರೀಸ್ಟಾರ್ಟ್ ಆದದ್ದರಿಂದ.

ಪರೀಕ್ಷೆ ಹೀಗೆ: ಲ್ಯಾಪ್‌ಟಾಪಿನಲ್ಲಿರುವ ಯಾವುದಾದರೂ ಹಾಡನ್ನು ವಿಎಲ್‌ಸಿಯಲ್ಲಿ ಹಾಕಿ. ಅದೂ ಮಿಸುಕದಿದ್ದರೆ ತಪ್ಪು ಬ್ರೌಸರಿನದಲ್ಲ. ‘ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್’ ತೆರೆದು ಔಟ್‌ಪುಟ್ ಯಾವುದಕ್ಕೆ ಹೋಗುತ್ತಿದೆ ನೋಡಿ, ಲ್ಯಾಪ್‌ಟಾಪಿನ ಸ್ಪೀಕರಿಗೆ ಬದಲಿಸಿ. ಈಚಿನ ವಿತರಣೆಗಳಲ್ಲಿ ಒಳಗಿರುವುದು ಪೈಪ್‌ವೈರ್ ಎಂಬ ಹೊಸ ಧ್ವನಿ ಸೇವೆ ಆದರೂ ಈ ಸಾಧನ ಅದರೊಂದಿಗೂ ಕೆಲಸ ಮಾಡುತ್ತದೆ. ಆದರೂ ಬಗ್ಗದಿದ್ದರೆ ಲಾಗ್‌ಔಟ್ ಆಗಿ ಒಳಗೆ ಬನ್ನಿ. ಧ್ವನಿಯ ಸೇವೆ ಸಾಮಾನ್ಯವಾಗಿ ಹೊಸದಾಗಿ ಶುರುವಾಗುತ್ತದೆ.

ಈಗ ಚಕ್ರ ಕಂಡರೆ ನಾನು ಮೊದಲು ಹೆಡ್‌ಫೋನನ್ನು ಆಫ್ ಮಾಡುತ್ತೇನೆ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಇನ್ನೂ ಮೇಜಿನ ಡ್ರಾದಲ್ಲೇ ಇದೆ.