ಜೂನ್ ತಿಂಗಳ ಸ್ಕೀ: ಆಡಮ್ಸ್ ಮತ್ತು ಬೇಕರ್ ಜ್ವಾಲಾಮುಖಿಗಳ ಮೇಲೆ

ವಾಷಿಂಗ್ಟನ್ ರಾಜ್ಯದ ಹೆಚ್ಚಿನ ಸ್ಕೀ ತಾಣಗಳು ಏಪ್ರಿಲ್ ಮುಗಿಯುವಷ್ಟರಲ್ಲಿ ಲಿಫ್ಟುಗಳನ್ನು ನಿಲ್ಲಿಸಿ ಬಾಗಿಲು ಹಾಕಿರುತ್ತವೆ. ಸಿಯಾಟಲ್ ಸುತ್ತಮುತ್ತ ಇರುವ ನಮ್ಮ ಕನ್ನಡಿಗರಲ್ಲಿ ಸ್ಕೀ ಕಲಿತವರು ಆ ಹೊತ್ತಿಗೆ ಸಲಕರಣೆಗಳನ್ನು ಗ್ಯಾರೇಜಿಗೆ ಸೇರಿಸಿ ಹಿತ್ತಲಿನ ಕೆಲಸಕ್ಕೆ ಇಳಿದಿರುತ್ತಾರೆ. ನನಗೆ ಮಾತ್ರ ವರ್ಷದ ಅತ್ಯುತ್ತಮ ಸ್ಕೀ ಮೇ ತಿಂಗಳಿನಿಂದ ಜುಲೈವರೆಗೆ ಸಿಗುತ್ತದೆ, ಮತ್ತು ಅದು ಸಿಗುವುದು ಲಿಫ್ಟೇ ಇಲ್ಲದ ಜ್ವಾಲಾಮುಖಿಗಳ ಮೇಲೆ. ಬೇಕರ್, ಗ್ಲೇಸಿಯರ್ ಪೀಕ್, ರೇನಿಯರ್, ಸೇಂಟ್ ಹೆಲೆನ್ಸ್ ಮತ್ತು ಆಡಮ್ಸ್ ಎಂಬ ಐದು ಜ್ವಾಲಾಮುಖಿಗಳು ಈ ರಾಜ್ಯದಲ್ಲಿವೆ. 1980ರ ಸ್ಫೋಟದಲ್ಲಿ ತಲೆ ಕಳೆದುಕೊಂಡು 8,363 ಅಡಿಗೆ ಇಳಿದ ಸೇಂಟ್ ಹೆಲೆನ್ಸ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಹತ್ತು ಸಾವಿರ ಅಡಿ ದಾಟಿ ಸುತ್ತಲಿನ ಕ್ಯಾಸ್ಕೇಡ್ ಬೆಟ್ಟಗಳನ್ನು ಮೀರಿ ಒಂಟಿಯಾಗಿ ನಿಂತಿವೆ. ಪೆಸಿಫಿಕ್ ಸಾಗರದ ತೇವವೆಲ್ಲ ಚಳಿಗಾಲದಲ್ಲಿ ಅವುಗಳ ಮೈಮೇಲೆ ಹಿಮವಾಗಿ ಬೀಳುತ್ತದೆ. ಬೇಕರ್ ಪಕ್ಕದ ಸ್ಕೀ ತಾಣದಲ್ಲಿ 1998–99ರ ಋತುವಿನಲ್ಲಿ ಬಿದ್ದ 1,140 ಅಂಗುಲ ಹಿಮ, ಅಂದರೆ 95 ಅಡಿ, ವಿಶ್ವದಾಖಲೆಯಾಗಿದೆ. ಇಲ್ಲಿನವರು ಕ್ಯಾಸ್ಕೇಡ್ ಕಾಂಕ್ರೀಟ್ ಎಂದು ಹಂಗಿಸುವ ಈ ಒದ್ದೆ, ಭಾರದ ಹಿಮವನ್ನು ಜನವರಿಯಲ್ಲಿ ನಾನೂ ಬೈದಿದ್ದೇನೆ. ಆದರೆ ಅದು ಬೇಸಿಗೆಯವರೆಗೆ ಉಳಿಯುವುದು ಆ ಭಾರದಿಂದಲೇ.

ಲಿಫ್ಟಿಲ್ಲದ ಕಡೆ ನಾವೇ ಹತ್ತಿ, ಸ್ಕೀ ಮಾಡುತ್ತಾ ಇಳಿಯಬೇಕು. ಈ ಆರೋಹಣದ ಲೆಕ್ಕವನ್ನು ನಾನು ಯಾವಾಗಲೂ ಇಳಿಯುವ ಗಂಟೆಯಿಂದ ಹಿಂದಕ್ಕೆ ಹಾಕುತ್ತೇನೆ. ವಸಂತ ಕಳೆದ ಮೇಲೆ ಹಿಮ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ಈ ಕ್ರಿಯೆ ವಾರಗಟ್ಟಲೆ ನಡೆದಾಗ ಮೊನಚಾದ ಹರಳುಗಳೆಲ್ಲ ಉರುಟಾಗಿ, ನೆನೆಸಿದ ಸಬ್ಬಕ್ಕಿಯಂತೆ ದಪ್ಪ ಕಾಳುಗಳಾಗುತ್ತವೆ. ಸ್ಕೀ ಮಾಡುವವರು ಇದನ್ನು ಕಾರ್ನ್ ಎನ್ನುತ್ತಾರೆ. ಬೆಳಗಿನ ಜಾವ ಈ ಕಾಳುಗಳ ನಡುವಿನ ನೀರೆಲ್ಲ ಹೆಪ್ಪುಗಟ್ಟಿ ಇಡೀ ಇಳಿಜಾರು ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಬಿಸಿಲು ಬಿದ್ದು ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಸಡಿಲವಾಗಿ ಕೆಳಗಿನ ಪದರ ಇನ್ನೂ ಬಿಗಿಯಾಗಿರುವ ಹೊತ್ತು ಒಂದು ಗಂಟೆ ಇರುತ್ತದೆ, ಹೆಚ್ಚೆಂದರೆ ಎರಡು. ಅದಕ್ಕಿಂತ ಮುಂಚೆ ಇಳಿದವನು ಬಿದ್ದರೆ ಜಾರುತ್ತಾ ಹೋಗಿ ನಿಲ್ಲುವುದು ಕೆಳಗಿನ ಬಂಡೆಯಲ್ಲಿ ಅಥವಾ ಹಿಮಬಿರುಕಿನಲ್ಲಿ. ತಡಮಾಡಿದವನಿಗೆ ಸಿಗುವುದು ಮೊಣಕಾಲು ತಿರುಚುವ ಕೆಸರು ಹಿಮ, ಒದ್ದೆ ಹಿಮಕುಸಿತದ ಭಯ ಮತ್ತು ಬಿರುಕುಗಳ ಮೇಲೆ ಮೆತ್ತಗಾದ ಹಿಮಸೇತುವೆಗಳು.

ಆದ್ದರಿಂದ ಹೊರಡುವ ಹಿಂದಿನ ದಿನ ನಾನು ಗಮನಿಸುವ ಮೊದಲ ವಿಷಯ ರಾತ್ರಿಯ ಆಕಾಶ. ಗಾಳಿಯ ತಾಪಮಾನ ಸೊನ್ನೆಗಿಂತ ಕೆಳಗೆ ಹೋಗಲೇಬೇಕೆಂದು ಹೊಸಬರು ತಪ್ಪು ತಿಳಿದಿರುತ್ತಾರೆ. ಆಕಾಶ ಶುಭ್ರವಾಗಿದ್ದು ಗಾಳಿ ಒಣದಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಗಾಳಿ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಮುಚ್ಚಿದ ರಾತ್ರಿಯಾದರೆ ಅಷ್ಟೇ ತಾಪಮಾನದಲ್ಲಿ ಹಿಮ ಮೆತ್ತಗೆ ಉಳಿದುಬಿಡುತ್ತದೆ. ವಾಯವ್ಯ ಹಿಮಕುಸಿತ ಕೇಂದ್ರ ನಡೆಸುವ ಹವಾಮಾನ ಯಂತ್ರಗಳಲ್ಲಿ ರೇನಿಯರ್ ಮೇಲಿನ ಪ್ಯಾರಡೈಸ್ ಮತ್ತು ಹತ್ತು ಸಾವಿರ ಅಡಿ ಎತ್ತರದ ಕ್ಯಾಂಪ್ ಮ್ಯೂರ್‌ನ ಅಂಕಿಗಳನ್ನು ನೋಡಿ, ರಾಷ್ಟ್ರೀಯ ಹವಾಮಾನ ಸೇವೆಯ ಮೋಡ ಮತ್ತು ಗಾಳಿಯ ಮುನ್ಸೂಚನೆಯನ್ನು ಅದರ ಪಕ್ಕದಲ್ಲಿಟ್ಟು ತೀರ್ಮಾನಿಸುತ್ತೇನೆ. ಹಿಮ ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ತುಂಡಾಗಿದೆ ಎಂಬುದನ್ನು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳು ತೋರಿಸುತ್ತವೆ. ಹತ್ತು ಮೀಟರಿನಷ್ಟು ಸೂಕ್ಷ್ಮವಾಗಿ ಕಾಣುವ ಆ ಚಿತ್ರಗಳಲ್ಲಿ ದೊಡ್ಡ ಬಿರುಕುಗಳೂ ಗೆರೆಗಳಾಗಿ ಮೂಡಿರುತ್ತವೆ.

ಎರಡನೆಯ ವಿಷಯ ಇಳಿಜಾರಿನ ಮುಖ. ಶಂಕುವಿನಾಕಾರದ ಜ್ವಾಲಾಮುಖಿಗೆ ಎಲ್ಲ ದಿಕ್ಕಿಗೂ ಮುಖವಿರುವುದರಿಂದ, ಪೂರ್ವದ ಇಳಿಜಾರು ಬೆಳಿಗ್ಗೆ ಎಂಟರ ಹೊತ್ತಿಗೆ, ದಕ್ಷಿಣದ್ದು ಹತ್ತು ಹನ್ನೊಂದಕ್ಕೆ, ನೈಋತ್ಯದ್ದು ಮಧ್ಯಾಹ್ನದ ಸುಮಾರಿಗೆ ಹದಕ್ಕೆ ಬರುತ್ತದೆ. ಇದು ಗಾಳಿಯಿಲ್ಲದ ದಿನದ ಮಾತು. ಗಾಳಿ ಬೀಸಿದರೆ ಮೇಲ್ಮೈ ತಂಪಾಗಿಯೇ ಉಳಿದು ಎಲ್ಲವೂ ಹಿಂದೆ ಬೀಳುತ್ತದೆ, ಕೆಲವೊಮ್ಮೆ ದಿನವಿಡೀ ಸಡಿಲವಾಗುವುದೇ ಇಲ್ಲ.

ಕಲಿಯುವವರಿಗೆ ನಾನು ಮೊದಲು ಸೂಚಿಸುವ ಪರ್ವತ ಆಡಮ್ಸ್. ಅದರ ಎತ್ತರ 12,276 ಅಡಿ. ಇಲ್ಲಿನ ಮೂಲನಿವಾಸಿಗಳಾದ ಯಾಕಮಾ ಜನರು ಅದನ್ನು ಪಾಟೋ ಎನ್ನುತ್ತಾರೆ, ಮತ್ತು ಪೂರ್ವದ ಭಾಗ ಅವರ ನೆಲ. ಸರ್ಕಾರದ ವಶದಲ್ಲಿದ್ದ ಒಂದು ಭಾಗವನ್ನು 1972ರಲ್ಲಿ ಅವರಿಗೆ ಹಿಂದಿರುಗಿಸಲಾಯಿತು. ದಕ್ಷಿಣದ ದಾರಿ ಹಿಮನದಿಗಳನ್ನು ಬಹುಮಟ್ಟಿಗೆ ಬದಿಗಿಟ್ಟು ಏರುವುದರಿಂದ ಹಗ್ಗದ ಗೊಡವೆಯಿಲ್ಲದೆ ಹಿಮದ ಹದವನ್ನಷ್ಟೇ ಅಭ್ಯಾಸ ಮಾಡಬಹುದು. ಮೇ ಮೊದಲ ದಿನದಿಂದ ಸೆಪ್ಟೆಂಬರ್ ಕೊನೆಯವರೆಗೆ 7,000 ಅಡಿಗಿಂತ ಮೇಲೆ ಹೋಗುವವರಿಗೆ ಪರವಾನಗಿ ಬೇಕು, ಮಲವನ್ನು ಚೀಲದಲ್ಲಿ ಕಟ್ಟಿ ಕೆಳಗೆ ತರಲೇಬೇಕು. ಟ್ರೌಟ್ ಲೇಕ್ ಊರಿನಿಂದ ಹೋಗುವ ಕೊನೆಯ ಕೆಲವು ಮೈಲಿಯ ಮಣ್ಣಿನ ರಸ್ತೆ ತಳ ತಗ್ಗಿರುವ ಕಾರುಗಳ ಪಾಲಿಗೆ ಶಿಕ್ಷೆಯೇ ಸರಿ.

ರಸ್ತೆ ಮುಗಿಯುವ ಕೋಲ್ಡ್ ಸ್ಪ್ರಿಂಗ್ಸ್ ಸುಮಾರು 5,600 ಅಡಿ ಎತ್ತರದಲ್ಲಿದೆ. ನೈಋತ್ಯದ ಇಳಿಜಾರಿನ ತಲೆಯಲ್ಲಿ ಹನ್ನೆರಡು ಗಂಟೆಗೆ ನಿಲ್ಲಬೇಕೆಂದರೆ ಹನ್ನೊಂದಕ್ಕೆ ಶಿಖರ, ಹತ್ತಕ್ಕೆ ಪೈಕರ್ಸ್ ಪೀಕ್ ಎಂಬ ಮೋಸದ ಶಿಖರ, ಏಳಕ್ಕೆ ಲಂಚ್ ಕೌಂಟರ್ ಎಂಬ ಸಮತಟ್ಟು. ನನ್ನ ವೇಗ ಗಂಟೆಗೆ ಸುಮಾರು 900 ಅಡಿ ಏರುವಷ್ಟಿದೆ, ಹಾಗಾಗಿ ಬೆಳಗಿನ ಜಾವ ಮೂರಕ್ಕೆ ಹೊರಡುವುದು ಅನಿವಾರ್ಯ. ಮೊದಲ ಗಂಟೆ ಹೆಡ್‌ಲ್ಯಾಂಪಿನ ಬೆಳಕಿನಲ್ಲಿ, ಸಾಮಾನ್ಯ ಶೂ ಹಾಕಿಕೊಂಡು, ಸ್ಕೀ ಮತ್ತು ಬೂಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತೇನೆ. 2012ರ ಕಾಡ್ಗಿಚ್ಚಿನಲ್ಲಿ ಸುಟ್ಟು ಇನ್ನೂ ನಿಂತಿರುವ ಮರಗಳ ನಡುವೆ ದಾರಿ ಸಾಗುತ್ತದೆ. ಹಿಮ ಶುರುವಾದಲ್ಲಿ ಶೂಗಳನ್ನು ಮರದ ಕೊಂಬೆಗೆ ನೇತುಹಾಕುತ್ತೇನೆ. ನೆಲದ ಮೇಲೆ ಬಿಟ್ಟರೆ ಬೆವರಿನ ಉಪ್ಪಿನಾಸೆಗೆ ದಂಶಕಗಳು ಅದರ ಪಟ್ಟಿಗಳನ್ನು ಕಡಿದುಹಾಕುತ್ತವೆ.

ಹಿಮದ ಮೇಲೆ ಸ್ಕೀಗಳ ಅಡಿಗೆ ಸ್ಕಿನ್ ಅಂಟಿಸಿ ಏರುತ್ತೇವೆ. ಒಂದೇ ದಿಕ್ಕಿಗೆ ಮಲಗಿದ ಕೂದಲುಗಳಿರುವ ಈ ಪಟ್ಟಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ. ಆದರೆ ಬೆಳಗಿನ ಗಟ್ಟಿ ಮೇಲ್ಮೈಯಲ್ಲಿ ಅದೊಂದನ್ನೇ ನಂಬಲಾಗದು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿಗೆ ಸಿಕ್ಕಿಸುವ ಸ್ಕೀ ಕ್ರ್ಯಾಂಪಾನ್, ಅಂದರೆ ಹಿಮಕ್ಕೆ ಕಚ್ಚುವ ಲೋಹದ ಹಲ್ಲುಗಳು, ಬೇಕೇ ಬೇಕು. ಅಂಗಡಿಯವರು ಇದನ್ನು ಐಚ್ಛಿಕ ಎಂದು ಮಾರುತ್ತಾರೆ. ನನ್ನ ದೃಷ್ಟಿಯಲ್ಲಿ ಬೇಸಿಗೆಯಲ್ಲಿ ಅದಿಲ್ಲದೆ ಹೊರಡುವುದು ಸರಿಯಲ್ಲ. ಲಂಚ್ ಕೌಂಟರಿನಿಂದ ಪೈಕರ್ಸ್ ಪೀಕಿನವರೆಗಿನ ಸುಮಾರು 2,400 ಅಡಿ ಏರು ಕಡಿದಾಗಿರುವುದರಿಂದ ಅಲ್ಲಿ ಸ್ಕೀಗಳನ್ನು ಮತ್ತೆ ಬೆನ್ನಿಗೇರಿಸಿ, ಬೂಟಿಗೆ ಕ್ರ್ಯಾಂಪಾನ್ ಕಟ್ಟಿ, ಐಸ್ ಆಕ್ಸ್ ಎಂಬ ಹಿಮಗೊಡಲಿ ಹಿಡಿದು ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತೇನೆ. ಶಿಖರದ ಮೇಲೆ 1920ರ ದಶಕದ ಸುಮಾರಿಗೆ ಕಾಡ್ಗಿಚ್ಚಿನ ಕಾವಲಿಗೆಂದು ಕಟ್ಟಿದ ಮನೆಯೊಂದಿದೆ. ಜೂನ್‌ನಲ್ಲಿ ಅದು ಹೆಚ್ಚಾಗಿ ಹಿಮದಡಿ ಹೂತಿರುತ್ತದೆ. 1930ರ ದಶಕದಲ್ಲಿ ಗಂಧಕ ಅಗೆಯುವ ಆಸೆಯಿಂದ ಹೇಸರಗತ್ತೆಗಳನ್ನು ಇಲ್ಲಿಯವರೆಗೆ ಹತ್ತಿಸಿದ್ದರು. ಬೆನ್ನಮೇಲಿನ ಹೊರೆ ಭಾರವೆನಿಸಿದಾಗಲೆಲ್ಲ ನಾನು ಆ ಪ್ರಾಣಿಗಳನ್ನು ನೆನೆಯುತ್ತೇನೆ.

ನೈಋತ್ಯದ ಓಣಿಗಳು ಪೈಕರ್ಸ್ ಪೀಕಿನ ಪಕ್ಕದಿಂದ ಸುಮಾರು 35 ಡಿಗ್ರಿ ಕೋನದಲ್ಲಿ ಶುರುವಾಗಿ ನಾಲ್ಕು ಸಾವಿರ ಅಡಿಯಷ್ಟು ಒಂದೇ ಸಮನೆ ಇಳಿಯುತ್ತವೆ. ಇಳಿಯುವ ಮುನ್ನ ನಾನು ಬೂಟಿನಿಂದ ಹಿಮವನ್ನು ಒತ್ತಿ ನೋಡುತ್ತೇನೆ: ಅಚ್ಚು ಮೂಡದಿದ್ದರೆ ಕಾಯಬೇಕು, ಬೆರಳಗಲ ಇಳಿದರೆ ಹದ ಬಂದಿದೆ, ಹಿಮ್ಮಡಿ ಗಂಟಿನವರೆಗೆ ಹೂತರೆ ಆ ಇಳಿಜಾರನ್ನು ಬಿಟ್ಟುಬಿಡಬೇಕು. ಹದ ಸರಿಯಾಗಿದ್ದ ದಿನ ತಿರುವುಗಳು ತಾವಾಗಿ ಬರುತ್ತವೆ, ಸ್ಕೀಯ ಅಂಚು ಎಷ್ಟು ಬೇಕೋ ಅಷ್ಟೇ ಕಚ್ಚುತ್ತದೆ. ಆದರೂ ಒಬ್ಬರಾದ ಮೇಲೆ ಒಬ್ಬರಂತೆ ಇಳಿದು, ಬಂಡೆಸಾಲಿನ ಮರೆಯಲ್ಲಿ ನಿಂತು ಉಳಿದವರಿಗೆ ಕಾಯುತ್ತೇವೆ. ಏಕೆಂದರೆ ತಿರುವು ಕಿತ್ತ ಒದ್ದೆ ಹಿಮ ನಿಧಾನವಾಗಿಯಾದರೂ ಬಲವಾಗಿ ಹಿಂದೆಯೇ ಹರಿದು ಬರುತ್ತದೆ, ಮತ್ತು ಜ್ವಾಲಾಮುಖಿಯ ಪುಡಿಪುಡಿ ಬಂಡೆಗಳು ಮಧ್ಯಾಹ್ನದ ಬಿಸಿಗೆ ಹಿಡಿತ ಬಿಟ್ಟು ಉರುಳುತ್ತವೆ. ಕೆಳಗೆ ಹೋದಷ್ಟೂ ಇನ್ನಷ್ಟು ಇಳಿಯುವ ಆಸೆಯಾಗುತ್ತದೆ. ಆದರೆ ಕಾರು ಇರುವುದು ಎಡಕ್ಕೆ, ಪೂರ್ವದ ಕಡೆ. ಎತ್ತರ ಕೈಯಲ್ಲಿರುವಾಗಲೇ ಎಡಕ್ಕೆ ಅಡ್ಡಹಾಯಲು ಶುರುಮಾಡದಿದ್ದರೆ, ಸೊಳ್ಳೆಗಳ ನಡುವೆ ಬಿದ್ದ ಮರಗಳನ್ನು ದಾಟುತ್ತಾ ಪರ್ವತ ಸುತ್ತುವ ಕಾಲುದಾರಿಯನ್ನು ಹುಡುಕಬೇಕಾಗುತ್ತದೆ.

ಬೇಕರ್ ಬೇರೆಯೇ ಶಾಲೆ. 10,781 ಅಡಿಯ ಈ ಪರ್ವತದ ಮೈತುಂಬ ಹಿಮನದಿಗಳು. ದಕ್ಷಿಣದ ಈಸ್ಟನ್ ಹಿಮನದಿಯ ದಾರಿ ನನಗೆ ಹೆಚ್ಚು ಪರಿಚಿತ: ಶ್ರೈಬರ್ಸ್ ಮೆಡೋದಿಂದ ಹೊರಟು, ರೈಲ್‌ರೋಡ್ ಗ್ರೇಡ್ ಎಂಬ ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ಚೂಪು ಬೆನ್ನಿನ ದಿಬ್ಬವನ್ನು ಹಿಡಿದು, ಸುಮಾರು 6,000 ಅಡಿಯಲ್ಲಿ ಗುಡಾರ ಹಾಕಿ, ಮರುದಿನ ನಸುಕಿನಲ್ಲಿ ಹಗ್ಗ ಕಟ್ಟಿಕೊಂಡು ಹಿಮನದಿಗೆ ಕಾಲಿಡುವುದು. ಮೂವರಿದ್ದರೆ ಸುಮಾರು ಹತ್ತು ಹನ್ನೆರಡು ಮೀಟರ್ ಅಂತರ ಸಾಕು. ಇಬ್ಬರೇ ಇದ್ದರೆ ಅಂತರ ಹೆಚ್ಚಿಸಿ ನಡುವೆ ಗಂಟುಗಳನ್ನು ಹಾಕುತ್ತೇವೆ, ಒಬ್ಬ ಬಿರುಕಿಗೆ ಬಿದ್ದರೆ ಆ ಗಂಟುಗಳು ಬಿರುಕಿನ ಅಂಚಿನ ಹಿಮದಲ್ಲಿ ಸಿಕ್ಕಿ ಅವನ ಭಾರದ ಒಂದಂಶವನ್ನು ತಡೆಯುತ್ತವೆ. ಹಗ್ಗ ಸದಾ ಬಿರುಕುಗಳಿಗೆ ಅಡ್ಡವಾಗಿ ಚಾಚಿರಬೇಕು. ಬಿರುಕಿನ ಉದ್ದಕ್ಕೆ ಸಮಾನಾಂತರವಾಗಿ ನಡೆದರೆ ಇಡೀ ತಂಡ ಒಂದೇ ಬಿರುಕಿನ ಮೇಲೆ ನಿಂತಿರಬಹುದು. ಜೂನ್ ಕೊನೆಯ ಹೊತ್ತಿಗೆ ಮುಚ್ಚಿದ ಬಿರುಕುಗಳ ಮೇಲಿನ ಹಿಮ ಸ್ವಲ್ಪ ಕುಸಿದು ಉದ್ದನೆಯ ತಗ್ಗಾಗಿರುತ್ತದೆ, ಮತ್ತು ಬೆಳಗಿನ ಓರೆ ಬೆಳಕಿನಲ್ಲಿ ಅದರ ನೆರಳು ಚೆನ್ನಾಗಿ ಕಾಣುತ್ತದೆ. ನಡುಹಗಲಿನ ನೇರ ಬಿಸಿಲಿನಲ್ಲಿ ಅದೇ ತಗ್ಗು ಕಣ್ಣಿಗೆ ಬೀಳದು. ಅದಕ್ಕೇ ಏರುವಾಗ ಕಂಡ ಪ್ರತಿಯೊಂದು ತಗ್ಗನ್ನೂ ಜಿಪಿಎಸ್‌ನಲ್ಲಿ ಗುರುತಿಸುತ್ತೇನೆ.

ಇಳಿಯುವಾಗ ಹಗ್ಗ ಕಟ್ಟಿಕೊಂಡು ಸ್ಕೀ ಮಾಡುವುದು ಬಹಳ ಪ್ರಯಾಸದ ಕೆಲಸ, ಒಬ್ಬರನ್ನೊಬ್ಬರು ಎಳೆದು ಬೀಳಿಸುವುದೇ ಹೆಚ್ಚು. ಆದ್ದರಿಂದ ಹೆಚ್ಚಿನವರಂತೆ ನಾವೂ ಹಗ್ಗ ಬಿಚ್ಚಿ ಇಳಿಯುತ್ತೇವೆ. ಉದ್ದನೆಯ ಸ್ಕೀಗಳು ಭಾರವನ್ನು ಹರಡುವುದರಿಂದ ಹಿಮಸೇತುವೆಯ ಮೇಲೆ ಒತ್ತಡ ಕಡಿಮೆ. ಆದರೆ ಹಗ್ಗ ಸಿಕ್ಕಿಸಲು ಸೊಂಟಕ್ಕೆ ಕಟ್ಟಿಕೊಂಡ ಹಾರ್ನೆಸ್ ಬಿಚ್ಚುವುದಿಲ್ಲ. ಅದಕ್ಕೆ ಸಿಕ್ಕಿಸಿದ ಪಟ್ಟಿಯೊಂದನ್ನು ಬ್ಯಾಗಿನ ಭುಜಪಟ್ಟಿಗೆ ತಂದು ಕಟ್ಟಿಕೊಂಡಿರುತ್ತೇವೆ, ಬಿರುಕಿನಲ್ಲಿ ಸಿಕ್ಕಿಕೊಂಡವನಿಗೆ ಮೇಲಿನಿಂದ ಕೊಂಡಿ ಹಾಕಲು ಅದು ಕೈಗೆ ಸಿಗುತ್ತದೆ. ಹಗ್ಗ ಹೊತ್ತವನು ಎಂದೂ ಮೊದಲು ಇಳಿಯುವುದಿಲ್ಲ. ಅವನೇ ಬಿದ್ದರೆ ಎತ್ತುವುದಕ್ಕೆ ಹಗ್ಗವೂ ಅವನೊಂದಿಗೇ ಹೋಗಿರುತ್ತದೆ.

ಸುಮಾರು 9,700 ಅಡಿಯಲ್ಲಿ ಶೆರ್ಮನ್ ಕುಳಿಯ ಅಂಚಿಗೆ ಬಂದಾಗ ಇದು ಜೀವಂತ ಜ್ವಾಲಾಮುಖಿಯೆಂಬುದು ಮೂಗಿಗೇ ತಿಳಿಯುತ್ತದೆ. ಹಿಮದ ನಡುವಿನ ರಂಧ್ರಗಳಿಂದ ಹಬೆ ಮತ್ತು ಕೊಳೆತ ಮೊಟ್ಟೆಯ ವಾಸನೆ ಏಳುತ್ತಿರುತ್ತದೆ. 1975ರಲ್ಲಿ ಈ ಹಬೆ ಇದ್ದಕ್ಕಿದ್ದಂತೆ ಹೆಚ್ಚಿದಾಗ ಕೆಸರುಪ್ರವಾಹದ ಭಯದಿಂದ ಕೆಳಗಿನ ಬೇಕರ್ ಸರೋವರದ ನೀರಿನ ಮಟ್ಟವನ್ನೇ ತಗ್ಗಿಸಿದ್ದರು. ಹಬೆಯ ಸುತ್ತಲಿನ ಹಿಮ ಒಳಗಿನಿಂದ ಕರಗಿ ಟೊಳ್ಳಾಗಿರುವುದರಿಂದ ಕುಳಿಯೊಳಗೆ ಇಣುಕುವ ಆಸೆಯನ್ನು ದೂರದಿಂದಲೇ ತೀರಿಸಿಕೊಳ್ಳಬೇಕು. ಅಲ್ಲಿಂದ ಮೇಲಕ್ಕೆ ರೋಮನ್ ವಾಲ್ ಎಂಬ ಕಡಿದಾದ ಏರು, ಅದರ ಮೇಲೆ ಫುಟ್‌ಬಾಲ್ ಮೈದಾನದಷ್ಟು ಸಮತಟ್ಟಾದ ಶಿಖರ. ಒಂದು ಜೂನ್‌ನಲ್ಲಿ ನಾನೂ ಧಾರವಾಡದ ಗೆಳೆಯನೊಬ್ಬನೂ ಆ ಶಿಖರದ ಮೇಲೆ ಗಾಳಿಗೆ ಬೆನ್ನು ಕೊಟ್ಟು, ಶೇಂಗಾ ಚಿಕ್ಕಿ ತಿನ್ನುತ್ತಾ, ರೋಮನ್ ವಾಲ್ ಸಡಿಲವಾಗಲೆಂದು ಬಹಳ ಹೊತ್ತು ಕೂತಿದ್ದೆವು. ಎಷ್ಟು ಕಾದರೂ ಬೂಟಿನ ಅಚ್ಚು ಮೂಡಲಿಲ್ಲ. ಅದರ ಕೆಳಗೆ ಬಿರುಕುಗಳು ಬಾಯ್ದೆರೆದಿದ್ದವು, ಇನ್ನೂ ಕಾದರೆ ಕೆಳಗಿನ ಹಿಮನದಿಯ ಸೇತುವೆಗಳು ಮೆತ್ತಗಾಗುತ್ತಿದ್ದವು. ಗೆಳೆಯ ಕೈಗಡಿಯಾರ ನೋಡಿ, "ಇನ್ನ ಸಾಕೋ ಮಾರಾಯಾ, ಕ್ರ್ಯಾಂಪಾನ್ ಹಾಕ್ಕೊಂಡು ಇಳಿಯೂಣು" ಅಂದ. ಆ ಗೋಡೆಯಷ್ಟನ್ನು ನಡೆದೇ ಇಳಿದು, ಕುಳಿಯ ಅಂಚಿನಿಂದ ಸ್ಕೀ ಹಾಕಿಕೊಂಡೆವು. ಗಾಳಿ ತಲುಪದ ಕೆಳಗಿನ ಮೂರು ಸಾವಿರ ಅಡಿ ಅಂದು ಹದವಾಗಿತ್ತು.

ಬಿಸಿಲಿನ ಬಗ್ಗೆ ಒಂದು ಮಾತು. ಹಿಮ ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸುವುದರಿಂದ ಮೂಗಿನ ಹೊಳ್ಳೆಯ ಒಳಗೂ, ಬಾಯ್ದೆರೆದು ಏದುಸಿರು ಬಿಡುವವರ ಅಂಗುಳಲ್ಲೂ ಸುಡುತ್ತದೆ. ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಏಕೆಂದು ಕೇಳುವವರು ಒಮ್ಮೆ ಅಲ್ಲಿ ಮಧ್ಯಾಹ್ನ ಕಳೆದು ಬರಲಿ.

ಜುಲೈ ಮಧ್ಯದ ನಂತರ ಹಿಮದ ಮೇಲೆ ಬಟ್ಟಲಿನಾಕಾರದ ಗುಳಿಗಳು ಮೂಡುತ್ತವೆ, ಅಲ್ಲಲ್ಲಿ ಪಾಚಿ ಬೆಳೆದು ಹಿಮ ಕಲ್ಲಂಗಡಿ ಬಣ್ಣಕ್ಕೆ ತಿರುಗುತ್ತದೆ, ಕಾಡ್ಗಿಚ್ಚಿನ ಹೊಗೆಯೂ ಕವಿಯುತ್ತದೆ. ಆಗ ಹೊಸ ಸ್ಕೀಗಳನ್ನು ಮನೆಯಲ್ಲಿಟ್ಟು, ತಳ ಗೀರಿದ ಹಳೆಯ ಜೋಡಿಯನ್ನು ಹೊರತೆಗೆಯುತ್ತೇನೆ. ಹಿಮದಲ್ಲಿ ಬೆರೆತ ಬೂದಿ ಮತ್ತು ಬೆಣಚು ಉಜ್ಜುಕಾಗದದ ಕೆಲಸ ಮಾಡುತ್ತವೆ. ಆಗಸ್ಟ್‌ನಲ್ಲಿ ಪ್ಯಾರಡೈಸಿನಿಂದ ಕ್ಯಾಂಪ್ ಮ್ಯೂರ್‌ವರೆಗಿನ ಹಿಮಬಯಲು ಮಾತ್ರ ನನ್ನ ಪಟ್ಟಿಯಲ್ಲಿ ಉಳಿಯುತ್ತದೆ. ಅಲ್ಲಿಯೂ ಮಂಜು ಕವಿದರೆ ದಾರಿ ತಪ್ಪಿ ಪಕ್ಕದ ಹಿಮನದಿಗಳಿಗೆ ಇಳಿದವರು ಬಹಳ ಮಂದಿ ಇರುವುದರಿಂದ, ಏರುವಾಗ ದಾಖಲಿಸಿದ ಜಾಡು ಮತ್ತು ದಿಕ್ಸೂಚಿ ಎರಡೂ ಇಲ್ಲದೆ ನಾನು ಹೊರಡುವುದಿಲ್ಲ.